ತಮ್ಮನ ಮಗ್ಗದಲ್ಲಿ ನಾನು ಕೂತ ದಿನಗಳು

ಇದನ್ನು ಬರೆಯುವ ಮೊದಲು ತಮ್ಮ ಗೋವಿಂದನ ಒಪ್ಪಿಗೆ ಕೇಳಿದೆ. ಕುಡಿತ ಅವನದು, ಆಸ್ಪತ್ರೆ ಸೇರಿದವನು ಅವನು, ಊರವರ ಬಾಯಿಗೆ ಬಿದ್ದವನೂ ಅವನೇ. ಫೋನಿನಲ್ಲೇ ವಿಷಯ ಹೇಳಿದೆ.

"ಬರಿ ಅಣ್ಣ. ನಂದು ಬರಿ, ಬ್ಯಾಡ ಅನ್ನಲ್ಲ. ಆದ್ರೆ ನಿಂದೂ ಬರೀಬೇಕು ಕಣಣ್ಣ. ನಿನ್ನ ಕಾಯಿಲೆ ಬಿಟ್ಟು ನನ್ನದೊಂದೇ ಬರದ್ರೆ ನಾನೇ ಬಂದು ಹರಿದಾಕ್ತೀನಿ," ಎಂದ.

ಆದ್ದರಿಂದ ಎರಡನ್ನೂ ಬರೆಯುತ್ತಿದ್ದೇನೆ. ಮನೆಯಲ್ಲಿ ಒಬ್ಬರ ಕುಡಿತಕ್ಕೆ ಸಿಕ್ಕಿ, ಕಿಟಕಿ ಮುಚ್ಚಿ, ನೆಂಟರಿಗೆ ಸುಳ್ಳು ಹೇಳಿ, ಇಂಥದ್ದು ನಮ್ಮ ಮನೆಯಲ್ಲಿ ಮಾತ್ರ ಎಂದು ತಿಳಿದಿರುವವರು ಯಾರಾದರೂ ಓದಿದರೆ ಸಾಕು. ಹಿಂದೂಪುರದ ಒಂದು ಟೈಲರಿಂಗ್ ಕ್ಲಾಸಿನ ಕೋಣೆಯಲ್ಲಿ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮಂಥವರು ಎಂಟು ಹತ್ತು ಜನ ಕೂಡುತ್ತಿದ್ದೆವು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ನಿಯಮ. ನಿಯಮ ಮುರಿಯುವ ಅಭ್ಯಾಸ ನನಗಿಲ್ಲ. ಅದಕ್ಕಾಗಿ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಗೋವಿಂದನ ಹೆಸರೂ ಗೋವಿಂದ ಅಲ್ಲ.

ನಮ್ಮದು ಹಿಂದೂಪುರದ ನೇಕಾರರ ಮನೆ. ನಡುಮನೆಯಲ್ಲಿ ನೆಲ ತೋಡಿದ ಕುಣಿ, ಅದರ ಮೇಲೆ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ರೇಷ್ಮೆ ಸೀರೆ ಮಡಿಲಿಗೆ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎದ್ದರೆ ಹಕ್ಕಿಗಿಂತ ಮೊದಲು ಕೇಳುತ್ತಿದ್ದದ್ದು ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಸದ್ದು. ಯಾರ ಮನೆಯ ಮಗ್ಗ ಇವತ್ತು ನಿಂತಿದೆ ಎಂದು ಹಾಸಿಗೆಯಲ್ಲಿ ಮಲಗಿಯೇ ಹೇಳಬಹುದಿತ್ತು. ಹದಿನೆಂಟು ವರ್ಷದವರೆಗೆ ನಾನೂ ಅಪ್ಪನ ಪಕ್ಕ ಆಗ ಇದ್ದ ಇನ್ನೊಂದು ಮಗ್ಗದಲ್ಲಿ ನೇಯ್ದೆ. ಆಮೇಲೆ ವ್ಯಾಯಾಮ ಶಿಕ್ಷಕರ ತರಬೇತಿಗೆ ಹೋದೆ. ಅಲ್ಲಿನ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ಉಳಿದವರು ಗೊಣಗುತ್ತಿದ್ದರು. ನನಗೆ ಅದು ಒಗ್ಗಿಹೋಯಿತು. ಮುಂದೆ ಕಲ್ಯಾಣದುರ್ಗದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡ್ರಿಲ್ ಮೇಷ್ಟ್ರಾಗಿದ್ದೆ. ಸೀಟಿ ಊದಿದರೆ ಮೈದಾನದ ಮಕ್ಕಳೆಲ್ಲ ಸಾಲಾಗಿ ನಿಲ್ಲುತ್ತಿದ್ದರು. ಮನುಷ್ಯ ಕೆಡುವುದು ವೇಳಾಪಟ್ಟಿ ಇಲ್ಲದ್ದರಿಂದ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಗೋವಿಂದ ನನಗಿಂತ ಹದಿಮೂರು ವರ್ಷ ಚಿಕ್ಕವನು. ಅಪ್ಪನ ಮಗ್ಗ ಅವನಿಗೆ ಬಂತು, ಅಪ್ಪನ ಕೈಯೂ ಬಂತು. ಅವನು ನೇಯ್ದ ಸೀರೆ ಮುಟ್ಟಿದರೆ ಮೆತ್ತಗೆ, ಎತ್ತಿ ಹಿಡಿದರೆ ನೀರಿನಂತೆ ಇಳಿಯುತ್ತಿತ್ತು. ಅವನಿಗೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಯ, ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರರು ಮದುವೆ ಸೀರೆ ಎಂದರೆ ಮೊದಲು ಅವನ ಮನೆಗೇ ಬರುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ನಾನು ನಿವೃತ್ತನಾಗಿ ತಿಂಗಳು ತುಂಬಿರಲಿಲ್ಲ. ಗೋವಿಂದನ ಹೆಂಡತಿ ಆದಿಲಕ್ಷ್ಮಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು.

"ಬಾವ, ಒಂದ್ ಸಲ ಬಂದೋಗಿ. ಇವರು ನಾಕು ದಿನದಿಂದ ಕುಣಿಗೆ ಇಳಿದಿಲ್ಲ."

"ಜ್ವರವೇನಮ್ಮಾ?"

"ಜ್ವರ ಆಗಿದ್ರೆ ನಿಮಗ್ಯಾಕೆ ಫೋನ್ ಮಾಡ್ಲಿ ಬಾವ?"

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಕಂಬದೂರಿನಲ್ಲಿ ಕುರಿ ಹಿಂಡು ದಾಟಲು ಬಸ್ಸು ನಿಂತಿತು. ಪೆನುಕೊಂಡದ ಬೆಟ್ಟ ಕಾಣುವ ಹೊತ್ತಿಗೆ ನನ್ನ ಯೋಜನೆ ಪೂರ್ತಿ ಸಿದ್ಧವಾಗಿತ್ತು. ಹಿಂದೂಪುರದಲ್ಲಿ ಇಳಿದವನು ಮೊದಲು ಹೋದದ್ದು ಪುಸ್ತಕದ ಅಂಗಡಿಗೆ. ಒಂದು ದೊಡ್ಡ ಬಿಳಿ ಹಾಳೆ, ಕೆಂಪು ಶಾಯಿ, ನೀಲಿ ಶಾಯಿ ತೆಗೆದುಕೊಂಡೆ.

ಐದಕ್ಕೆ ಏಳುವುದು. ಐದೂಕಾಲಕ್ಕೆ ನಡಿಗೆ. ಆರಕ್ಕೆ ರಾಗಿ ಗಂಜಿ. ಆರೂವರೆಗೆ ಮಗ್ಗ. ಹೀಗೆ ಎಂಟೂವರೆಗೆ ಮಲಗುವವರೆಗೆ. ಹಾಳೆಯನ್ನು ಮೈದಾ ಅಂಟಿನಿಂದ ಮಗ್ಗದ ಎದುರಿನ ಗೋಡೆಗೆ ಅಂಟಿಸಿದೆ. ಗೋವಿಂದ ಎದುರಿಗೆ ನಿಂತು ಪೂರ್ತಿ ಓದಿದ.

"ಅಣ್ಣ, ಎಲ್ಲಾ ಸರಿ. ಉಚ್ಚೆಗೆ ಟೈಮ್ ಹಾಕಿಲ್ವಲ್ಲ."

ಆದಿಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು ಎಂದು ನನಗೆ ಆಮೇಲೆ ಗೊತ್ತಾಯಿತು.

ಹನ್ನೊಂದು ದಿನ ನಡೆಯಿತು. ಬೀದಿಯವರು ಬಂದು ಹಾಳೆ ನೋಡಿ ಹೋದರು. ಹನ್ನೆರಡನೆಯ ದಿನ ನಡಿಗೆಗೆ ಹೋದವನು ಗಂಜಿಯ ಹೊತ್ತಿಗೆ ಬರಲಿಲ್ಲ. ಮಧ್ಯಾಹ್ನ ಯಾರೋ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂದು ಬಿಟ್ಟರು. ಮಗ್ಗದ ಮೇಲೆ ಮುಗಿಯದ ಮದುವೆ ಸೀರೆ, ನಾಳೆ ಸಾಹುಕಾರರು ಬರುವವರು. ಆದಿಲಕ್ಷ್ಮಿ ನನ್ನ ಮುಖ ನೋಡಿದಳು. ನಾನು ಅಂಗಿ ಕಳಚಿ ಕುಣಿಗೆ ಇಳಿದೆ.

ನಮ್ಮ ಮನೆಯಲ್ಲಿ ಒಬ್ಬರು ಶುರು ಮಾಡಿದ ಸೀರೆಗೆ ಇನ್ನೊಬ್ಬರು ಕೂರುತ್ತಿರಲಿಲ್ಲ. ಅಪ್ಪನಿಗೆ ಜ್ವರ ಬಂದರೆ ಸೀರೆ ಅಪ್ಪನಿಗಾಗಿ ಕಾಯುತ್ತಿತ್ತು. ಅಡ್ಡ ಎಳೆಯಾದ ಹೊಕ್ಕನ್ನು ಬಡಿಯುವ ಬಲ ಕೈಯಿಂದ ಕೈಗೆ ಬೇರೆ, ಬಟ್ಟೆಯ ಮೈ ಬೇರೆಯಾಗುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಕೂತೆ. ಕಾಲಿಗೆ ತುಳಿಯುವ ಮಣೆ ಸಿಕ್ಕಿತು, ಕೈಗೆ ಲಾಳಿ ಸಿಕ್ಕಿತು. ಸುಳ್ಳು ಹೇಳಲಾರೆ, ನನಗೆ ಸುಖವಾಯಿತು. ನಿವೃತ್ತನಾದ ಮೇಲೆ ಸೀಟಿಗೆ ಸಾಲು ನಿಲ್ಲುವವರು ಯಾರೂ ಇರಲಿಲ್ಲ. ಇಲ್ಲಿ ಒಂದು ಮನೆ ನನ್ನ ಎರಡು ಕೈಯ ಮೇಲೆ ನಿಂತಿತ್ತು.

ಮಾರನೆಯ ದಿನ ಸಾಹುಕಾರರು ಸೀರೆ ಸವರಿ ನೋಡಿದರು. "ಗೋವಿಂದಪ್ಪ ಎಲ್ಲಿ ಮೇಷ್ಟ್ರೇ?" ಎಂದರು.

"ಸ್ವಲ್ಪ ಜ್ವರ, ಮಲಗಿದ್ದಾನೆ," ಎಂದೆ. ಮೂವತ್ತು ವರ್ಷ ಮಕ್ಕಳ ಸುಳ್ಳನ್ನು ಹಿಡಿದು ಬಿಸಿಲಲ್ಲಿ ನಿಲ್ಲಿಸಿದವನು ನಾನು.

ಅಲ್ಲಿಂದ ಎಂಟು ತಿಂಗಳು ಅದೇ ನಡೆಯಿತು. ವಾರಕ್ಕೆ ಮೂರು ದಿನ ಹಿಂದೂಪುರ, ಉಳಿದ ದಿನ ಕಲ್ಯಾಣದುರ್ಗ. ಅವನು ಬಿಟ್ಟಲ್ಲಿಂದ ನಾನು ನೇಯುತ್ತಿದ್ದೆ. ನನ್ನ ಹೆಂಡತಿ ಒಂದು ದಿನ ತಟ್ಟೆ ಇಡುತ್ತಾ ಹೇಳಿದಳು: "ಮೈದುನನ ಕುಡಿತ ಬಿಡ್ಸಕ್ಕೆ ಹೋದೋರು ನೀವು. ಈಗ ನೋಡಿದ್ರೆ ನಿಮಗೇ ಹುಚ್ಚು ಹಿಡ್ದಂಗೈತೆ. ಉಣ್ಣೋವಾಗ್ಲೂ ಕೈ ಬಡೀತಾ ಇರ್ತೀರಾ." ನನಗೆ ನಿದ್ದೆ ಬರುತ್ತಿರಲಿಲ್ಲ. ಬೀದಿಯಲ್ಲಿ ಯಾರ ಕೆಮ್ಮು ಕೇಳಿದರೂ ಅವನೇ ಬಿದ್ದನೇನೋ ಎಂದು ಏಳುತ್ತಿದ್ದೆ, ಅವನು ನೂರು ಕಿಲೋಮೀಟರ್ ಆಚೆ ಇದ್ದರೂ.

ಗೋವಿಂದ ಹೆಚ್ಚು ಹೆಚ್ಚು ಕುಡಿಯುತ್ತಾ ಹೋದ. ನಾನು ಹೆಚ್ಚು ಹೆಚ್ಚು ನೇಯುತ್ತಾ ಹೋದೆ. ಎರಡಕ್ಕೂ ಸಂಬಂಧವಿರಬಹುದೆಂದು ಒಂದು ಸಲವೂ ತೋಚಲಿಲ್ಲ.

ಕೊನೆಗೆ ನನಗೆ ತಿಳಿದ ಕಟ್ಟಕಡೆಯ ಶಿಸ್ತನ್ನು ಪ್ರಯೋಗಿಸಿದೆ. ಅನ್ನ, ನೀರು, ಚಾಪೆ ಎಲ್ಲ ಒಳಗಿಟ್ಟು ಅವನನ್ನು ನಡುಮನೆಯಲ್ಲಿ ಕೂಡಿಹಾಕಿ ಹೊರಗಿನಿಂದ ಬೀಗ ಜಡಿದೆ. ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಮೊದಲ ದಿನ ಬೈದ. ಎರಡನೆಯ ದಿನ ಬೇಡಿದ. "ಅಣ್ಣ, ಮೈಮೇಲೆ ಇರುವೆ ಹರೀತಾವೆ, ಬಾಗಿಲು ತೆಗಿ." ಇರುವೆ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಂಜಿ ಕೊಡಲು ಬಾಗಿಲು ತೆಗೆದಾಗ ಮಗ್ಗದ ಪಕ್ಕ ಬಿದ್ದಿದ್ದ. ಕೈಕಾಲು ಸೆಟೆದು ಅದುರುತ್ತಿತ್ತು, ಬಾಯಲ್ಲಿ ನೊರೆ.

ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಒಳಗೆ ಕರೆದುಕೊಂಡು ಹೋದವರು ಎರಡು ಗಂಟೆ ಏನೂ ಹೇಳಲಿಲ್ಲ. ಹೊರಗಿನ ಸಿಮೆಂಟು ಬೆಂಚಿನ ಮೇಲೆ ನಾನು, ಆದಿಲಕ್ಷ್ಮಿ. ಎದುರಿಗೆ ಕೈಮುರಿದ ಮುದುಕ, ಮಗು ಎತ್ತಿಕೊಂಡ ಹೆಂಗಸು. ಆದಿಲಕ್ಷ್ಮಿ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಮೆಲ್ಲಗೆ ಹೇಳಿದಳು:

"ಬಾವ, ಆ ಬೀಗದ ಕೈ ಜೇಬಿಗಾದ್ರೂ ಹಾಕ್ಕಳಿ. ಎಲ್ರೂ ನೋಡ್ತಾವ್ರೆ."

ಕೊರಳಿಗೆ ಕೈ ಹೋಯಿತು. ಗಂಟು ಬಿಗಿದು ಕೂತಿತ್ತು. ಅವಳೇ ಹಲ್ಲಿನಿಂದ ದಾರ ಕಡಿದಳು.

ಹೊರಗೆ ಬಂದ ಡಾಕ್ಟರು ನನ್ನ ಶಿಷ್ಯರ ವಯಸ್ಸಿನವರು. "ದಿನಾ ಕುಡಿಯೋರಿಗೆ ಒಂದೇ ಸಲ ನಿಲ್ಲಿಸಿ ಬೀಗ ಹಾಕಿದ್ರೆ ಪ್ರಾಣಕ್ಕೇ ಬರುತ್ತೆ ಮೇಷ್ಟ್ರೇ. ನಿಲ್ಲಿಸೋದಕ್ಕೂ ಔಷಧಿ ಬೇಕು, ನಾವು ಬೇಕು. ಇದು ಕಾಯಿಲೆ, ತುಂಟತನ ಅಲ್ಲ," ಎಂದರು. ತಮ್ಮನ ಜೀವ ಉಳಿದಿದೆ ಎಂದೂ ಹೇಳಿದರು, ಆಗ ನನ್ನ ಕಿವಿಗೆ ಬಿದ್ದದ್ದು ಅದಷ್ಟೇ. ಉಳಿದ ಮಾತು ಒಂದೊಂದಾಗಿ ಆಮೇಲೆ ಇಳಿಯಿತು. ಇದನ್ನು ಓದುವವರು ಒಂದನ್ನಾದರೂ ನೆನಪಿಡಿ: ಬೀಗ ಹಾಕಬೇಡಿ. ಮೊದಲು ಆಸ್ಪತ್ರೆಗೆ ಹೋಗಿ ಕೇಳಿ. ನಾಚಿಕೆಗಾಗಿ ನಾನು ಕೇಳಲಿಲ್ಲ. ಆ ನಾಚಿಕೆ ನನ್ನ ತಮ್ಮನನ್ನು ಕೊಲ್ಲುವುದರಲ್ಲಿತ್ತು.

ವಾರ್ಡಿನ ಆಯಾ ಫ್ಲಾಸ್ಕಿನ ಮುಚ್ಚಳದಲ್ಲಿ ತನ್ನ ಟೀಯನ್ನೇ ಬಗ್ಗಿಸಿ ಆದಿಲಕ್ಷ್ಮಿಗೆ ಕೊಟ್ಟಳು. "ನಂದೂ ಇದೇ ಕಥೆ ಕಣಮ್ಮ, ನಮ್ಮಪ್ಪಂದು. ಗುರುವಾರ ಗುರುವಾರ ಮನೆಯೋರೆಲ್ಲ ಸೇರ್ತಾರೆ, ಹೋಗು," ಎಂದು ಟೈಲರಿಂಗ್ ಕ್ಲಾಸಿನ ದಾರಿ ಹೇಳಿದಳು. ಕುಡಿಯುವವರಿಗಲ್ಲ, ಮನೆಯವರಿಗೆ ಎಂದು ಎರಡು ಸಲ ಹೇಳಿದಳು. ಮನೆಯವರಿಗೆ ಏನಾಗಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆದರೂ ಗುರುವಾರ ಹೋದೆ, ಮೂರಕ್ಕೆ ಐದು ನಿಮಿಷ ಮುಂಚೆ, ಹೊಸ ನೋಟ್‌ಬುಕ್ಕು, ಪೆನ್ನು ಹಿಡಿದು. ಕೋಣೆಯಲ್ಲಿ ಬಟ್ಟೆ ಹೊದಿಸಿದ ಹೊಲಿಗೆ ಯಂತ್ರಗಳು, ಗೋಡೆಯ ಮೇಲೆ ಕಾಗದದಲ್ಲಿ ಕತ್ತರಿಸಿದ ರವಿಕೆಯ ತೋಳು, ಬೆನ್ನು. ಕೆಳಗೆ ಜಮಖಾನ. ಎಲ್ಲರೂ ಹೆಂಗಸರು. ನಡುವೆ ದಪ್ಪ ಕುಂಕುಮದ, ಅಗಲ ಮುಖದ ಒಬ್ಬಾಕೆ ಬೇಯಿಸಿದ ನೆಲಗಡಲೆಯ ಡಬ್ಬಿ ತೆರೆದು ಕೂತಿದ್ದರು. ಸರೋಜಮ್ಮ, ಲೇಪಾಕ್ಷಿ ಕಡೆಯ ಹಳ್ಳಿಯವರು, ಗಂಡ ಲಾರಿ ಡ್ರೈವರ್.

"ಕೂಚೋಂಡಿ ಸಾರ್," ಎಂದು ತೆಲುಗಿನಲ್ಲಿ ಕೂರಲು ಹೇಳಿದವರು ನೋಟ್‌ಬುಕ್ಕು ನೋಡಿ ಕನ್ನಡಕ್ಕೆ ಬಂದರು. "ಏನ್ ಮೇಷ್ಟ್ರೇ, ಹಾಜರಿ ಹಾಕ್ತೀರಾ? ನಾನು ಹಿಂದಿನ ವಾರ ರಜಾ ಕಣಪ್ಪ, ಹೊಡೀಬ್ಯಾಡಿ."

ಎಲ್ಲರೂ ನಕ್ಕರು. ಕುಡುಕರ ಮನೆಯ ಹೆಂಗಸರು ಹೀಗೆ ನಗುವುದನ್ನು ನಾನು ನಿರೀಕ್ಷಿಸಿರಲಿಲ್ಲ. ಸ್ವಲ್ಪ ಕೋಪವೂ ಬಂತು.

ನನ್ನ ಸರದಿ ಬಂದಾಗ ಎದ್ದು ನಿಂತು ಮಾತಾಡಿದೆ. ಗೋವಿಂದ ಎಷ್ಟು ವರ್ಷದಿಂದ ಕುಡಿಯುತ್ತಾನೆ, ಎಲ್ಲಿ, ಯಾರ ಜೊತೆ, ನಾನು ಏನೇನು ಕ್ರಮ ಕೈಗೊಂಡೆ, ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ. ಮುಗಿಸಿದಾಗ ಸರೋಜಮ್ಮ ಗಡಲೆ ಸಿಪ್ಪೆ ಬಿಡಿಸುತ್ತಾ ಕೇಳಿದರು:

"ಗೋವಿಂದನ ವಿಷಯ ಗೊತ್ತಾಯ್ತು ಮೇಷ್ಟ್ರೇ. ನೀವು ಹೆಂಗಿದ್ದೀರಾ?"

"ಯಾರು, ನಾನಾ?"

"ಮತ್ತೆ? ಇಲ್ಲಿ ಬಂದಿರೋರು ನೀವು ತಾನೆ?"

ನಿಂತಲ್ಲೇ ನಿಂತೆ. ನೋಟ್‌ಬುಕ್ಕು ತಿರುವಿ ನೋಡಿದೆ. ಯಾರೂ ಅವಸರ ಮಾಡಲಿಲ್ಲ. ಕೊನೆಗೆ, "ನಿದ್ದೆ ಬರಲ್ಲ," ಎಂದು ಕೂತೆ. ಯಾರೋ ಒಂದು ಹಿಡಿ ಗಡಲೆ ನನ್ನ ನೋಟ್‌ಬುಕ್ಕಿನ ಮೇಲೆ ಇಟ್ಟರು.

ಆ ಗುರುವಾರಗಳನ್ನು ನೆನೆದರೆ ಈಗಲೂ ಬೆಂದ ಗಡಲೆಯ ಉಪ್ಪುವಾಸನೆ, ಯಂತ್ರಕ್ಕೆ ಹಾಕುವ ಎಣ್ಣೆಯ ವಾಸನೆ ಒಟ್ಟಿಗೆ ಬರುತ್ತವೆ. ಆಚೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸುರಿದ ದಿನ ಎಲ್ಲರೂ ಸೀನುತ್ತಾ ಕಷ್ಟ ಹೇಳಿಕೊಳ್ಳುತ್ತಿದ್ದೆವು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಬೈಗುಳ ಬೇಕಾದಾಗ ಎರಡರಲ್ಲಿ ಖಾರವಾದದ್ದು. ಯಾರೂ ಯಾರಿಗೂ ಹೀಗೆ ಮಾಡು ಎಂದು ಬುದ್ಧಿ ಹೇಳುವಂತಿರಲಿಲ್ಲ. ಬುದ್ಧಿ ಹೇಳಿಯೇ ಅನ್ನ ತಿಂದ ನನಗೆ ಅದು ಬಹಳ ಕಷ್ಟದ ನಿಯಮ. ಮೂರು ನಾಲ್ಕು ವಾರ ನಾಲಿಗೆ ಕಚ್ಚಿಕೊಂಡೇ ಕೂತೆ.

ಒಂದು ವಾರ ಎಲ್ಲರೂ ತಾವು ಮುಚ್ಚಿಟ್ಟದ್ದನ್ನು ಹೇಳುತ್ತಿದ್ದರು. ಸರೋಜಮ್ಮ ಲಾರಿ ಓನರಿಗೆ ಗಂಡನ ಪರವಾಗಿ ಹೇಳಿದ ಜ್ವರಗಳ ಕಥೆ ಹೇಳಿ ನಗಿಸಿದರು. "ಟೈಫಾಯ್ಡ್ ಮೂರು ಸಲ ತರಿಸಿದ್ದೀನಿ ಕಣಮ್ಮ. ಓನರೇ ಹೆದರಿ, ಅವನನ್ನ ಆಸ್ಪತ್ರೆಗೆ ಸೇರ್ಸಮ್ಮ ಅಂದ." ನನ್ನ ಸರದಿ ಬಂತು. ತಮ್ಮ ಬಿಟ್ಟ ಸೀರೆಗಳನ್ನು ನಾನು ನೇಯ್ದು ಮುಗಿಸುವುದನ್ನು ಹೇಳಿದೆ. ಅವನು ಆಸ್ಪತ್ರೆಯಲ್ಲಿದ್ದಾಗಲೂ ಒಂದು ದಿನ ತಪ್ಪಿಸಲಿಲ್ಲ ಎಂದೆ. ನಿಜ ಹೇಳಬೇಕೆಂದರೆ ಹೆಮ್ಮೆಯಿಂದಲೇ ಹೇಳಿದೆ.

ಸರೋಜಮ್ಮ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿದರು.

"ತಪ್ಪು ತಿಳ್ಕಬ್ಯಾಡಿ ಮೇಷ್ಟ್ರೇ, ಬುದ್ಧಿ ಹೇಳ್ತಾ ಇಲ್ಲ, ಕೇಳ್ತಾ ಇದ್ದೀನಿ. ಅವನು ಕುಡೀತಾನೆ, ಸೀರೆ ಸಾಹುಕಾರ್ರಿಗೆ ಹೋಯ್ತದೆ. ಅವನು ಬೀಳ್ತಾನೆ, ಸೀರೆ ಹೋಯ್ತದೆ. ಹಂಗಾದ್ರೆ ಅವನು ಕುಡಿಯೋದು ಬಿಟ್ಟು ಏನಾಗ್ಬೇಕು?"

ಬಸ್ಸಿನಲ್ಲಿ ಕಲ್ಯಾಣದುರ್ಗದವರೆಗೂ ಆ ಪ್ರಶ್ನೆ ನನ್ನ ಪಕ್ಕ ಕೂತಿತ್ತು.

ಗೋವಿಂದ ಆಸ್ಪತ್ರೆಯಿಂದ ಬಂದು ತಿಂಗಳ ಮೇಲೆ ಮತ್ತೆ ಕುಡಿದ. ಮಗ್ಗದ ಮೇಲೆ ಮತ್ತೊಂದು ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು. ಆ ಸಲ ನಾನು ಆದಿಲಕ್ಷ್ಮಿಯನ್ನು ಕೂರಿಸಿ ಕೇಳಿದೆ, ನಾನು ಕೂರದಿದ್ದರೆ ಏನಾಗಬಹುದು ಎಂದು.

"ಸಾಹುಕಾರ್ರು ಹಾಸು ಬಿಚ್ಕಂಡು ಹೋಯ್ತಾರೆ. ಬೀದಿಯೆಲ್ಲ ನೋಡ್ತದೆ," ಎಂದಳು. ಮತ್ತೆ, "ಬೀದಿ ಈಗ ನೋಡ್ತಾ ಇಲ್ವಾ ಬಾವ? ಬಿಡಿ. ನೀವು ಇಳೀಬ್ಯಾಡಿ," ಎಂದಳು.

ಸಾಹುಕಾರರು ಸೋಮವಾರ ಬಂದರು, ಜೊತೆಗೆ ಒಬ್ಬ ಆಳು. ಗೋವಿಂದ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಕೆಂಪು, ಆದರೆ ಪ್ರಜ್ಞೆ ಇತ್ತು. ಸಾಹುಕಾರರು ನನ್ನನ್ನು ನೋಡಿ, "ಏನ್ ಮೇಷ್ಟ್ರೇ, ಜ್ವರಾನಾ?" ಎಂದರು. ಹೂಂ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು.

"ಅವನು ಅಲ್ಲೇ ಇದ್ದಾನೆ. ಅವನನ್ನೇ ಕೇಳಿ," ಎಂದೆ.

ಅವರು ಕೇಳಲಿಲ್ಲ. ಮಗ್ಗದ ಹತ್ತಿರ ಹೋಗಿ ನೇಯ್ದಷ್ಟು ಭಾಗವನ್ನು ಸವರಿದರು. "ಇದು ಗೋವಿಂದಪ್ಪನ ಕೈ. ನಿಮ್ಮ ಬಡಿತ ಗಟ್ಟಿ ಮೇಷ್ಟ್ರೇ. ಕವಾಯಿತು ಮಾಡ್ದಂಗೆ ಇರ್ತದೆ. ಆ ಸೀರೆಗಳು ಗೋವಿಂದಪ್ಪಂದಲ್ಲ ಅಂತ ಮೊದಲ್ನೇ ದಿನವೇ ಗೊತ್ತಾಯ್ತು. ಸೀರೆ ಬತ್ತಾ ಇತ್ತಲ್ಲ, ಸುಮ್ಕಿದ್ದೆ," ಎಂದರು. ಆಳು ಕತ್ತರಿ ತೆಗೆದ. ರೇಷ್ಮೆ ಕತ್ತರಿಸಿದರೆ ದೊಡ್ಡ ಸದ್ದೇನೂ ಆಗುವುದಿಲ್ಲ. ಉಳಿದ ಹಾಸನ್ನು ಸುತ್ತಿಕೊಂಡು ಹೋದರು. ಮಗ್ಗ ಬರಿದಾಯಿತು. ನನ್ನ ನೆನಪಿನಲ್ಲಿ ಆ ಮಗ್ಗ ಬರಿದಾಗಿ ನಿಂತದ್ದು ಅಪ್ಪ ತೀರಿಕೊಂಡ ಹನ್ನೊಂದು ದಿನ ಮಾತ್ರ.

ಗೋವಿಂದ ಎದ್ದು ನನ್ನ ಮುಂದೆ ಬಂದ.

"ಆಯ್ತಾ? ಸಮಾಧಾನ ಆಯ್ತಾ ಅಣ್ಣ?"

"ಗೋವಿಂದ, ನಾನು..."

"ಒಂದ್ ಮಾತು ಕೇಳು. ಎಷ್ಟು ದಿನ ನಾನು ಬೆಳಿಗ್ಗೆ ಎದ್ದು, ಇವತ್ತು ಕೂರೋಣ ಅಂತ ಮುಖ ತೊಳ್ಕಂಡು ಬಂದಿದ್ದೀನಿ ಗೊತ್ತಾ? ಬಂದ್ ನೋಡಿದ್ರೆ ನೀನು ಕುಣೀಲಿ ಕೂತಿರ್ತಿದ್ದೆ. ಬೆನ್ನು ನೆಟ್ಟಗೆ, ಟೈಮಿಗೆ ಸರಿಯಾಗಿ. ನಾನೆಲ್ಲಿ ಕೂರ್ಲಿ? ನಾನು ಸತ್ರೂ ಸೀರೆ ಹೋಯ್ತದೆ ಅಂತ ತೋರಿಸ್ಬುಟ್ಟೆ ಕಣಣ್ಣ ನೀನು."

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಎಲ್ಲಿಗೆ ಹೋಗುತ್ತಾನೆಂದು ಮೂವರಿಗೂ ಗೊತ್ತಿತ್ತು.

ಆ ವಾರ ಅವನು ಸಾಯುತ್ತಾನೆಂದೇ ನಾನು ನಂಬಿದ್ದೆ. ಗುರುವಾರ ಕೋಣೆಯಲ್ಲಿ ಅದನ್ನೇ ಹೇಳಿದೆ, "ನನಗೆ ಭಯವಾಗುತ್ತಿದೆ," ಎಂದು. ಸರೋಜಮ್ಮ ಧೈರ್ಯ ಹೇಳಲಿಲ್ಲ. "ನನಗೂ ಭಯವೇ ಮೇಷ್ಟ್ರೇ. ಹದಿನಾಲ್ಕು ವರ್ಷದಿಂದ ದಿನಾ ಭಯ. ಅದನ್ನೂ ಎತ್ಕಂಡೇ ಬಸ್ ಹತ್ತಿ ಬತ್ತೀನಿ," ಎಂದು ಡಬ್ಬಿ ನನ್ನ ಕಡೆ ತಳ್ಳಿದರು. ಅವತ್ತು ನನಗೆ ಅದಕ್ಕಿಂತ ದೊಡ್ಡ ಸಹಾಯ ಯಾರಿಂದಲೂ ಆಗುತ್ತಿರಲಿಲ್ಲ.

ಮುಂದಿನ ಗುರುವಾರ ಬಸ್ಸು ಇಳಿದಾಗ ಆದಿಲಕ್ಷ್ಮಿ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದಳು. ಓಡುತ್ತಲೇ ಹತ್ತಿರ ಹೋದೆ.

"ಏನಿಲ್ಲ ಬಾವ, ಗಾಬರಿ ಬ್ಯಾಡ. ಆಸ್ಪತ್ರೇಲಿ ಅವ್ರೆ. ಬೆಳಿಗ್ಗೆ ತಾವೇ ಎದ್ದು, 'ಹೋಯ್ತೀನಿ, ಬತ್ತೀಯಾ?' ಅಂದ್ರು."

ಅದೇ ಸಿಮೆಂಟು ಬೆಂಚು. ಗೋವಿಂದ ಮಡಿಕೆ ಬಿದ್ದ ಶುಭ್ರ ಅಂಗಿ ಹಾಕಿ ಕೂತಿದ್ದ. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ, ನಡುಕ ಕಾಣದಿರಲೆಂದು. ನಾನು ಪಕ್ಕದಲ್ಲಿ ಕೂತೆ. ಅವನು ನನ್ನ ಕಡೆ ನೋಡಲಿಲ್ಲ, ಸರಿದು ಜಾಗ ಮಾತ್ರ ಕೊಟ್ಟ. ಆಯಾ ಬಾಗಿಲಲ್ಲಿ ನಿಂತು ಕೂಗಿದಳು: "ಗೋವಿಂದಪ್ಪ ವಾಳ್ಳು ಎವರಮ್ಮಾ?"

ಗೋವಿಂದಪ್ಪನ ಕಡೆಯವರು ಯಾರು ಎಂದರೆ ನಾನಲ್ಲದೆ ಇನ್ನಾರು? ಎದ್ದು ನಿಂತೆ. ಹೇಳಬೇಕಾದದ್ದೆಲ್ಲ ಬಾಯಲ್ಲಿ ಸಿದ್ಧವಾಗಿತ್ತು.

"ಕೂತ್ಕ ಅಣ್ಣ," ಎಂದ ಗೋವಿಂದ. ಗೋಡೆ ಹಿಡಿದು ಎದ್ದ. ಆಯಾಗೆ, "ನಾನೇ ಕಣಮ್ಮ ಗೋವಿಂದಪ್ಪ," ಎಂದು ಒಬ್ಬನೇ ಒಳಗೆ ಹೋದ.

ಅವನು ಒಳಗಿದ್ದ ಅಷ್ಟೂ ಹೊತ್ತು ನಾನು ಕೂತೇ ಇದ್ದೆ. ಜೀವಮಾನದಲ್ಲಿ ಮಾಡಿದ ಎಲ್ಲ ಕವಾಯಿತಿಗಿಂತ ಅದು ಕಷ್ಟವಾಗಿತ್ತು.

ಅಲ್ಲಿಂದ ಎಲ್ಲವೂ ನೆಟ್ಟಗಾಯಿತು ಎಂದು ಬರೆದರೆ ಗೋವಿಂದ ಹೇಳಿದಂತೆ ಹರಿದು ಹಾಕಿಯಾನು. ಆ ಮೇಲೂ ಎರಡು ಸಲ ಜಾರಿದ. ಎರಡು ಸಲವೂ ತಾನೇ ಆಸ್ಪತ್ರೆಗೆ ಹೋದ. ನಾನು ಗುರುವಾರ ಗುರುವಾರ ಟೈಲರಿಂಗ್ ಕ್ಲಾಸಿಗೆ ಹೋದೆ, ಅವನು ಕುಡಿದ ವಾರವೂ, ಕುಡಿಯದ ವಾರವೂ. ಆದಿಲಕ್ಷ್ಮಿಯೂ ಬರತೊಡಗಿದಳು. ಅವಳು ಮೊದಲ ಸಲ ಬಾಯಿ ಬಿಟ್ಟದ್ದು ಗಂಡನ ಬಗ್ಗೆ ಅಲ್ಲ, ಬೀಗ ಹಾಕಿದ ಬಾವನ ಬಗ್ಗೆ. ನಾನು ಎದುರಿಗೇ ಕೂತಿದ್ದೆ. ನಿಯಮದಂತೆ ಪೂರ್ತಿ ಕೇಳಿದೆ.

ಸರೋಜಮ್ಮನ ಗಂಡ ಕುಡಿತ ಬಿಡಲಿಲ್ಲ. ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಇನ್ನು ಆಕೆ ಬರುವುದಿಲ್ಲ ಎಂದುಕೊಂಡಿದ್ದೆವು. ತಿಥಿ ಮುಗಿದ ಗುರುವಾರ ಮೂರಕ್ಕೆ ಸರಿಯಾಗಿ ಬಂದರು, ಬೋಳು ಹಣೆ, ಕೈಯಲ್ಲಿ ಅದೇ ಡಬ್ಬಿ. ಯಾರೋ ಹೊಸಬರು ಮುಜುಗರದಿಂದ, "ಇನ್ನೂ ಬತ್ತೀರಾ ಅಕ್ಕ?" ಎಂದರು.

"ನಾನೇನು ಅವನಿಗೋಸ್ಕರ ಬತ್ತಿದ್ನಾ?" ಎಂದರು ಸರೋಜಮ್ಮ. ಆಮೇಲೆ ಅತ್ತರು. ನಾವು ಕಾದೆವು.

ಮುಂದೆ ಆ ಟೈಲರಿಂಗ್ ಕ್ಲಾಸು ಮುಚ್ಚಿತು. ಕೆಲವು ದಿನ ಒಬ್ಬರ ಜಗಲಿಯ ಮೇಲೆ ಕೂಡಿದೆವು. ಒಬ್ಬೊಬ್ಬರು ಒಂದೊಂದು ಕಡೆಯಾದೆವು. ಬೀದಿಯಲ್ಲಿ ಕೈಮಗ್ಗದ ಸದ್ದೂ ಕಡಿಮೆಯಾಯಿತು. ನನ್ನ ಊರಿನಲ್ಲಿ ಯಾರಾದರೂ ಮನೆಯ ಕುಡಿತದ ಮಾತು ಎತ್ತಿಕೊಂಡು ಬಂದರೆ ಈಗ ನಾನು ಮೊದಲು ಕೇಳುವುದು, ನೀವು ಹೇಗಿದ್ದೀರಿ ಎಂದು. ಆಮೇಲೆ ಆಸ್ಪತ್ರೆಯ ದಾರಿ ಹೇಳುತ್ತೇನೆ. ಮನೆಯವರು ಕೂಡುವ ಜಾಗ ಹತ್ತಿರ ಎಲ್ಲಾದರೂ ಇದೆಯೇ ಎಂದು ಅಲ್ಲೇ ವಿಚಾರಿಸಲು ಹೇಳುತ್ತೇನೆ. ಇಲ್ಲದಿದ್ದರೆ ನನ್ನ ಜಗಲಿಗೆ ಬನ್ನಿ ಎನ್ನುತ್ತೇನೆ. ಇಬ್ಬರು ಬರುತ್ತಾರೆ.

ಕೊನೆಯ ಸಲ ಜಾರಿ ಎದ್ದ ಮೇಲೆ ಗೋವಿಂದ ತಾನೇ ಸಾಹುಕಾರರ ಮನೆಗೆ ಹೋಗಿ ನಿಂತ. ಅವರು ಮದುವೆ ಸೀರೆ ಕೊಡಲಿಲ್ಲ. ಸಾದಾ ಅಂಚಿನ ಒಂದು ಹಾಸು ಕೊಟ್ಟರು. ಅದನ್ನು ಮಗ್ಗಕ್ಕೆ ಏರಿಸಿದ ವಾರ ನಾನು ಹೋಗಿದ್ದೆ. ಅವನು ಕುಣಿಯಲ್ಲಿದ್ದ. ಕೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ಲಾಳಿ ಎರಡು ಸಲ ಹಾರಿ ನೆಲಕ್ಕೆ ಬಿತ್ತು. ಅಂಚು ಒಂದು ಕಡೆ ಎಳೆದಿತ್ತು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಕೈ ತಾನಾಗಿ ಮುಂದೆ ಹೋಯಿತು.

ಗೋವಿಂದ ತಲೆ ಎತ್ತಲಿಲ್ಲ.

"ಅಣ್ಣ, ಕೈ ಅಷ್ಟು ತುರಿಸಿದ್ರೆ ಅಗೋ ಅಲ್ಲಿ ರಾಟೆ ಐತೆ. ಕಂಡಿಕೆ ಸುತ್ಕೊಡು. ಇಲ್ಲಿಗೆ ಇಳೀಬ್ಯಾಡ."

ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು ನಮ್ಮಲ್ಲಿ ಹೆಂಗಸರ, ಮಕ್ಕಳ ಕೆಲಸ. ಮನೆಯ ಹಿರಿಯ ಅದಕ್ಕೆ ಕೂರುವುದಿಲ್ಲ. ಆದಿಲಕ್ಷ್ಮಿ ಒಳಗಿನಿಂದ ಒಂದು ಮಣೆ ತಂದು ರಾಟೆಯ ಮುಂದೆ ಹಾಕಿದಳು.

ಕೂತು ಸುತ್ತತೊಡಗಿದೆ. ಮೊದಲನೆಯದು ಸಡಿಲವಾಯಿತು. ಗೋವಿಂದ ಅದನ್ನು ಲಾಳಿಗೆ ಹಾಕಿ ನೋಡಿ, ಹೊರಗೆ ತೆಗೆದು, ನನ್ನ ಕಡೆ ಉರುಳಿಸಿದ. "ಇನ್ನೊಂದ್ ಸಲ," ಎಂದ. ನಾನು ಬಿಚ್ಚಿ ಮತ್ತೆ ಸುತ್ತಿದೆ.